ಪಾಠ ನಿಂತುಹೋದ ವರ್ಷ

2007ರ ಬೇಸಿಗೆಯಲ್ಲಿ ಕರ್ನಾಟಕ ಸರ್ಕಾರ ಶಾಲೆಗಳಲ್ಲಿ ಆಗಷ್ಟೇ ಕಣ್ಣು ಬಿಡುತ್ತಿದ್ದ ಒಂದು ಪಾಠವನ್ನು ನಿಲ್ಲಿಸಿತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ ಜೆಡಿಎಸ್–ಬಿಜೆಪಿ ಸಮ್ಮಿಶ್ರ ಸರ್ಕಾರದ ಕಾಲ ಅದು. ಶಿಕ್ಷಣ ಖಾತೆ ಬಸವರಾಜ ಹೊರಟ್ಟಿ ಅವರ ಬಳಿ ಇತ್ತು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದು, 1980ರಿಂದ ಶಿಕ್ಷಕರ ಕ್ಷೇತ್ರದ ಪ್ರತಿನಿಧಿಯಾಗಿ ವಿಧಾನ ಪರಿಷತ್ತಿಗೆ ಗೆದ್ದು ಬರುತ್ತಿದ್ದವರು ಅವರು. ಶಾಲೆಯ ಅಂಗಳ, ಮಕ್ಕಳ ಮೈಕಟ್ಟು, ಮೇಷ್ಟರ ಸಂಕೋಚ ಯಾವುದೂ ಅವರಿಗೆ ಹೊಸದಲ್ಲ. ಲೈಂಗಿಕ ಶಿಕ್ಷಣ ಪಶ್ಚಿಮದ ದೇಶಗಳಿಗೆ ಬೇಕಾದೀತು, ನಮ್ಮ ಸಂಸ್ಕೃತಿಗೆ ಬೇಕಿಲ್ಲ, ಎಳೆಯ ಮನಸ್ಸುಗಳು ಕೆಡುತ್ತವೆ ಎಂಬುದು ಸಚಿವರ ನಿಲುವಾಗಿತ್ತು.

ನಿಂತದ್ದು ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ. ಮಾನವ ಸಂಪನ್ಮೂಲ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ 2005ರಲ್ಲಿ ಅದನ್ನು ಹೊರಡಿಸಿದ್ದವು. ದೇಶದ ಸುಮಾರು 1.44 ಲಕ್ಷ ಪ್ರೌಢಶಾಲೆಗಳನ್ನು ಮುಟ್ಟಬೇಕು, ವರ್ಷಕ್ಕೆ 16 ತಾಸು ಪಾಠ ಆಗಬೇಕು ಎಂಬ ಲೆಕ್ಕ. ಬೆಳೆಯುವ ಮೈ, ಮುಟ್ಟು, ಗರ್ಭ, ಲೈಂಗಿಕ ಸೋಂಕು, ಎಚ್‌ಐವಿ, ಮಾದಕ ವಸ್ತು, ಒತ್ತಾಯಕ್ಕೆ ಒಲ್ಲೆ ಅನ್ನುವ ಧೈರ್ಯ, ಇಷ್ಟೂ ಅದರಲ್ಲಿತ್ತು. ಜೊತೆಗೆ ಗೋಡೆಗೆ ತೂಗುಹಾಕಿ ಒಂದೊಂದೇ ಹಾಳೆ ಮಗುಚುವ ಫ್ಲಿಪ್ ಚಾರ್ಟ್ ಕೊಟ್ಟಿದ್ದರು. ಜಗಳ ಹೊತ್ತಿಕೊಂಡದ್ದು ಅದರ ಚಿತ್ರಗಳಿಂದ. ಬೆತ್ತಲೆ ಮೈಯ ರೇಖಾಚಿತ್ರ ತೋರಿಸಿ ಗಂಡು–ಹೆಣ್ಣು ಮಕ್ಕಳ ಎದುರು ಹೇಗೆ ನಿಲ್ಲುವುದು ಎಂದು ಶಿಕ್ಷಕರು ಕೇಳಿದರು. ಅವರ ಪ್ರಶ್ನೆ ಸುಳ್ಳಿನದಾಗಿರಲಿಲ್ಲ. ದಿಲ್ಲಿಯಲ್ಲಿ ತಯಾರಾದ ಹಾಳೆ ಕೈಗೆ ಬಂದಿತ್ತೇ ಹೊರತು, ಹೇಗೆ ಮಾತು ಶುರು ಮಾಡಬೇಕು, ಹಿಂದಿನ ಬೆಂಚಿನ ನಗುವನ್ನು ಹೇಗೆ ತಡೆಯಬೇಕು ಎಂದು ಹಳ್ಳಿಶಾಲೆಯ ಮೇಷ್ಟರ ಪಕ್ಕ ಕೂತು ಹೇಳಿದವರು ಕಡಿಮೆ. ತಿದ್ದಬಹುದಾಗಿದ್ದ ಪುಸ್ತಕವನ್ನು ತಿದ್ದದೆ ಪಾಠವನ್ನೇ ಕೈಬಿಟ್ಟರು. ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತ್ ಕೂಡ ಅದೇ ದಾರಿ ಹಿಡಿದವು. ಮಧ್ಯಪ್ರದೇಶದಲ್ಲಿ ಆ ಜಾಗಕ್ಕೆ ಯೋಗ ಸಾಕು ಎಂಬ ಮಾತು ಬಂತು.

ಆಗ ದೇಶದಲ್ಲಿ ಎಚ್‌ಐವಿ ಸೋಂಕು ಹೆಚ್ಚಿದ್ದ ರಾಜ್ಯಗಳೆಂದು ಗುರುತಾಗಿದ್ದವು ಆರು: ತಮಿಳುನಾಡು, ಆಂಧ್ರ, ಮಹಾರಾಷ್ಟ್ರ, ಕರ್ನಾಟಕ, ಮಣಿಪುರ, ನಾಗಾಲ್ಯಾಂಡ್. ಸೋಂಕು ತಡೆಯಲೆಂದೇ ಹುಟ್ಟಿದ ಪಾಠವನ್ನು ಆ ಆರರಲ್ಲಿ ಎರಡು ರಾಜ್ಯಗಳು ಬಾಗಿಲಲ್ಲೇ ತಡೆದವು.

ಬೆಂಗಳೂರಿನ ಆದೇಶ ಗುಲಬರ್ಗಾ ಜಿಲ್ಲೆಯ ಶಹಾಬಾದಕ್ಕೆ ಬಂದು ಮುಟ್ಟುವಾಗ ಅದರ ಅರ್ಥ ಬೇರೆಯಾಗುತ್ತಿತ್ತು. ಶಹಾಬಾದ ಅಂದರೆ ನಾಡಿಗೆಲ್ಲ ನೆನಪಾಗುವುದು ಫರಸಿ ಕಲ್ಲು. ಅಲ್ಲಿಂದ ವಾಡಿಗೆ ಹೋದರೆ ಎಸಿಸಿ ಸಿಮೆಂಟ್ ಕಾರ್ಖಾನೆ, ಸೇಡಂ–ಮಳಖೇಡದ ಕಡೆ ಇನ್ನಷ್ಟು ಚಿಮಣಿಗಳು, ಚಿಂಚೋಳಿಯ ಕಾಡಂಚಿಗೆ ಲಂಬಾಣಿ ತಾಂಡಾಗಳು. ಕಲ್ಲಿನ ಖಣಿ, ಲಾರಿ, ರೈಲು, ತೊಗರಿಯ ರಾಶಿ ಮುಗಿದ ಮೇಲೆ ಹೈದರಾಬಾದ್, ಪುಣೆ, ಮುಂಬೈಗಳ ಗುಳೆ. ತಾಯಿ–ತಂದೆ ದುಡಿಯಲು ಹೋದಾಗ ಬೆಳೆದ ಹುಡುಗಿ ಅಜ್ಜಿಯ ಹತ್ತಿರ ಉಳಿಯಬೇಕು, ಇಲ್ಲವೇ ಊರು ಬಿಡುವ ಮೊದಲು ಅವಳ ಮದುವೆ ಮುಗಿಸಬೇಕು. ಮದುವೆ ಮುಗಿಸುವುದೇ ಭದ್ರ ಎಂದು ಎಷ್ಟೋ ಮನೆಗಳು ನಂಬಿದ್ದವು. "ದೊಡ್ಡಾಕಿ ಆಗ್ಯಾಳ, ಇನ್ನ ಸಾಲಿ ಸಾಕು" ಎಂಬ ಮಾತಿನಲ್ಲಿ ಒಂದು ಹುಡುಗಿಯ ಓದು, ಆಟ, ಗೆಳತಿಯರ ಬಳಗ ಎಲ್ಲವೂ ಒಟ್ಟಿಗೆ ಮುಗಿಯುತ್ತಿತ್ತು.

ಸಂಯಮ ಕಲಿಸಿದರೆ ಸಾಕು, ಮದುವೆವರೆಗೆ ತಾಳಿದರೆ ಮಕ್ಕಳು ಕ್ಷೇಮ ಎಂಬ ವಾದ ಮುಗ್ಗರಿಸುವುದು ಇಲ್ಲೇ. ಹದಿನೈದಕ್ಕೆ ಮದುವೆಯಾಗುವ ಹುಡುಗಿಗೆ ತಾಳಲು ಯಾವ ಕಾಲ ಉಳಿದಿದೆ? ಅವಳು ಯಾವ ನಿಯಮವನ್ನೂ ಮುರಿದಿಲ್ಲ, ಹಿರಿಯರು ಹೇಳಿದಂತೆ ನಡೆದಿದ್ದಾಳೆ. ಆದರೂ ತನ್ನ ಮೈಯಲ್ಲಿ ಏನಾಗುತ್ತಿದೆ, ಬಸಿರು ಹೇಗೆ ನಿಲ್ಲುತ್ತದೆ, ಯಾವಾಗ ದವಾಖಾನೆಗೆ ಹೋಗಬೇಕು ಎಂದು ಯಾರೂ ಅವಳಿಗೆ ಹೇಳಿರುವುದಿಲ್ಲ.

ಅದೇ 2007–08ರಲ್ಲಿ ರಾಜ್ಯದ ಇನ್ನೊಂದು ಇಲಾಖೆ ಬೇರೊಂದು ಲೆಕ್ಕ ಬರೆಯುತ್ತಿತ್ತು. ದೇವದಾಸಿಯರಾಗಿ ಬಿಡಲ್ಪಟ್ಟ ಹೆಣ್ಣುಮಕ್ಕಳ ಎರಡನೆಯ ಸಮೀಕ್ಷೆ ನಡೆದದ್ದು ಆಗ. ಆ ಸುತ್ತಿನಲ್ಲಿ ಸಿಕ್ಕವರು 23,787. 1993–94ರ ಮೊದಲ ಸಮೀಕ್ಷೆಯ 22,873 ಸೇರಿಸಿದರೆ ಒಟ್ಟು 46,660. ಸಮೀಕ್ಷೆ ನಡೆದ ಉತ್ತರದ ಜಿಲ್ಲೆಗಳ ಸಾಲಿನಲ್ಲಿ ಗುಲಬರ್ಗಾ ಕೂಡ ಇತ್ತು. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ 1982ರದು. ಮುತ್ತು ಕಟ್ಟಿಸಿಕೊಂಡು ದೇವದಾಸಿಯಾಗುವಾಗ ಈ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಎಳೆಯ ಹುಡುಗಿಯರು. ನಮ್ಮ ಸಂಸ್ಕೃತಿಯಲ್ಲಿ ಮಕ್ಕಳಿಗೆ ಈ ಮಾತು ಬೇಡ ಎಂದು ಒಂದು ಕಡೆ ಹೇಳುತ್ತ, ಸಂಸ್ಕೃತಿಯ ಹೆಸರಿನಲ್ಲೇ ಬಾಲ್ಯ ಕಳೆದುಕೊಂಡವರ ಪಟ್ಟಿಯನ್ನು ಇನ್ನೊಂದು ಕಡೆ ತುಂಬುತ್ತಿದ್ದೆವು. ಈ ಎರಡು ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡಿದ್ದರೆ ಆ ವರ್ಷದ ತೀರ್ಮಾನ ಬೇರೆಯಾಗಿರುತ್ತಿತ್ತೇನೋ.

2007ರ ಏಪ್ರಿಲ್‌ನಲ್ಲಿ ಜಗತ್ತಿನ ಎರಡು ಮೂಲೆಗಳಿಂದ ಎರಡು ವರದಿಗಳು ಹೊರಬಂದವು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ತಯಾರಿಸಿದ ಅಧ್ಯಯನ ಒಂದು. ಯಾವುದಾದರೂ ಬಗೆಯ ಲೈಂಗಿಕ ದೌರ್ಜನ್ಯ ತಮ್ಮ ಮೇಲೆ ನಡೆದಿದೆ ಎಂದವರು ನೂರಕ್ಕೆ 53ಕ್ಕೂ ಹೆಚ್ಚು. ಮಾಡಿದವರಲ್ಲಿ ಹೆಚ್ಚಿನವರು ಮಕ್ಕಳಿಗೆ ಗೊತ್ತಿದ್ದವರು, ನಂಬಿಕೆಯ ಜಾಗದಲ್ಲಿದ್ದವರು. ತನ್ನ ಮೈಯ ಯಾವ ಭಾಗವನ್ನು ಯಾರು ಮುಟ್ಟಬಾರದು ಎಂದು ಹೇಳಲು ಮಗುವಿಗೆ ಮೊದಲು ಆ ಭಾಗದ ಹೆಸರು ಗೊತ್ತಿರಬೇಕು.

ಇನ್ನೊಂದು ವರದಿ ಅಮೆರಿಕದ್ದು. ಅಲ್ಲಿ ಮದುವೆವರೆಗೆ ಸಂಯಮ ಎಂಬುದನ್ನಷ್ಟೇ ಕಲಿಸುವ ಪಾಠಕ್ಕೆ ಸರ್ಕಾರದ ಹಣ 1981ರಿಂದಲೇ ಸಿಗುತ್ತಿತ್ತು. 1996ರ ಕಲ್ಯಾಣ ಕಾಯ್ದೆ ಅದಕ್ಕೆ ವರ್ಷಕ್ಕೆ 5 ಕೋಟಿ ಡಾಲರ್ ಮೀಸಲಿಟ್ಟಿತು. ಆ ಹಣದಲ್ಲಿ ನಡೆಯುವ ಪಾಠ ಗರ್ಭನಿರೋಧಕದ ಬಳಕೆಯನ್ನು ಕಲಿಸುವಂತಿರಲಿಲ್ಲ. ಫಲ ಏನಾಯಿತು ಎಂದು ತಿಳಿಯಲು ಅಲ್ಲಿನ ಸಂಸತ್ತೇ ಮ್ಯಾಥಮ್ಯಾಟಿಕಾ ಎಂಬ ಸಂಶೋಧನಾ ಸಂಸ್ಥೆಯಿಂದ ಅಧ್ಯಯನ ಮಾಡಿಸಿತು. ಎರಡು ಸಾವಿರಕ್ಕೂ ಹೆಚ್ಚು ಹುಡುಗ–ಹುಡುಗಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಸಂಯಮದ ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಮೊದಲ ಸಂಗದ ಸರಾಸರಿ ವಯಸ್ಸು ಎರಡೂ ಗುಂಪಿನಲ್ಲಿ 14.9 ವರ್ಷ. ಪಶ್ಚಿಮದ ಪಾಠ ನಮಗೆ ಬೇಡ ಎಂದು ಕರ್ನಾಟಕ ಹೇಳುತ್ತಿದ್ದ ಹೊತ್ತಿನಲ್ಲೇ ಪಶ್ಚಿಮದ ಅತಿ ಶ್ರೀಮಂತ ದೇಶ ತಾನು ಹಣ ಸುರಿದ ಮೌನದ ಪಾಠ ಫಲ ಕೊಡಲಿಲ್ಲ ಎಂದು ಬರೆದುಕೊಂಡಿತ್ತು. ಆ ಸುದ್ದಿ ನಮ್ಮ ಚರ್ಚೆಯೊಳಗೆ ಬರಲೇ ಇಲ್ಲ.

ಈ ವಿಷಯ ಹೊರಗಿನಿಂದ ಬಂದದ್ದು ಎಂಬ ಮಾತಿಗೆ ನಮ್ಮ ಚರಿತ್ರೆಯೇ ಉತ್ತರ ಕೊಡುತ್ತದೆ. 1930ರ ಜೂನ್‌ನಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿನಲ್ಲೇ ಮೊದಲನೆಯವು ಎಂಬ ಹೆಸರು ಅವುಗಳದ್ದು. ಐದು ವರ್ಷದ ಬಳಿಕ, 1935ರ ಡಿಸೆಂಬರ್‌ನಲ್ಲಿ, ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವರ್ಧಾಕ್ಕೆ ಬಂದು ಗಾಂಧೀಜಿಯ ಎದುರು ಕೂತರು. ಹೆರಿಗೆಯ ಮೇಲೆ ಹೆರಿಗೆಯಿಂದ ಸೊರಗಿದ ಹೆಂಗಸರಿಗೆ ಸಾಧನಗಳ ಅರಿವು ಬೇಕು ಎಂದು ಅವರು ವಾದಿಸಿದರು. ಗಾಂಧೀಜಿ ಬ್ರಹ್ಮಚರ್ಯವೊಂದೇ ದಾರಿ ಎಂದರು, ಗಂಡನಿಗೆ ಒಲ್ಲೆ ಎನ್ನುವ ಶಕ್ತಿಯನ್ನು ಹೆಣ್ಣು ಕಲಿಯಬೇಕು ಎಂದರು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಾಗಲಿಲ್ಲ. ಆದರೆ ಆ ಮಾತುಕತೆ ಎದುರು ಬದುರು, ಮುಚ್ಚುಮರೆ ಇಲ್ಲದೆ ನಡೆಯಿತು. 2007ರಲ್ಲಿ ಕಾಣದೇ ಹೋದದ್ದು ಆ ನೇರತನ. ಒಲ್ಲೆ ಎನ್ನುವ ಶಕ್ತಿಯ ಬಗ್ಗೆ ಗಾಂಧೀಜಿ ಹೇಳಿದ್ದು ನಿಲ್ಲಿಸಿದ ಪಾಠದೊಳಗೂ ಇತ್ತು.

ಶಹಾಬಾದದ ಕಡೆಯ ಕಾಗಿಣಾ ನದಿ ತೀರದ ಊರುಗಳು ಆ ಕಾಲದಲ್ಲಿ ನಿಜಾಮನ ರಾಜ್ಯಭಾರದ ಕೆಳಗಿದ್ದವು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು 1894ರಲ್ಲೇ ತಡೆದಿತ್ತು. ಬ್ರಿಟಿಷ್ ಇಂಡಿಯಾಕ್ಕೆ 1929ರಲ್ಲಿ ಶಾರದಾ ಕಾಯ್ದೆ ಬಂತು. ಅದು ನಿಜಾಮನ ಸೀಮೆಯನ್ನು ದಾಟಿ ಒಳಗೆ ಬರುವಂತಿರಲಿಲ್ಲ. 1948ರ ಸೆಪ್ಟೆಂಬರ್‌ನ ವಿಲೀನ, 1956ರ ಏಕೀಕರಣ ಆದ ಮೇಲೂ ಶಾಲೆ, ಆಸ್ಪತ್ರೆ, ಪುಸ್ತಕ ಮೂರೂ ಈ ಕಡೆಗೆ ತಡವಾಗಿ ಬಂದವು. ಹಳೆ ಮೈಸೂರಿನ ಮನೆಗಳಲ್ಲಿ ಡಾ. ಅನುಪಮಾ ನಿರಂಜನರ 'ತಾಯಿ–ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಓದಿ ಒಂದು ತಲೆಮಾರಿನ ಹೆಂಗಸರು ತಮ್ಮ ಮೈಯ ಬಗ್ಗೆ ಕನ್ನಡದಲ್ಲೇ ತಿಳಿದುಕೊಂಡರು. ಖಣಿಯಲ್ಲಿ ಕಲ್ಲು ಒಡೆಯುವ, ಅಕ್ಷರ ಬಾರದ ತಾಯಿಗೆ ಆ ಪುಸ್ತಕ ತಲುಪುವುದು ಹೇಗೆ? ಅವಳ ಮಗಳು ಶಾಲೆಗೆ ಬಂದಾಗ ತಲುಪಬೇಕಿತ್ತು.

ತಲುಪುವ ದಾರಿಗೆ ದಿಲ್ಲಿಯಲ್ಲೂ ಅಡ್ಡಗೋಡೆ ಎದ್ದಿತು. ರಾಜ್ಯಸಭೆಯ ಅರ್ಜಿಗಳ ಸಮಿತಿ 2009ರಲ್ಲಿ ವರದಿ ಕೊಟ್ಟಿತು. ಸಮಿತಿಯ ಅಧ್ಯಕ್ಷ ಎಂ. ವೆಂಕಯ್ಯ ನಾಯ್ಡು. ಅವರು ಅಂದು ರಾಜ್ಯಸಭೆಯಲ್ಲಿ ಕೂತದ್ದು ಕರ್ನಾಟಕದ ಸ್ಥಾನದಲ್ಲಿ. ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ, ಮದುವೆಗೆ ಮೊದಲು ಲೈಂಗಿಕ ಸಂಬಂಧ ಸಲ್ಲದು ಎಂಬ ಸಂದೇಶ ಮಕ್ಕಳಿಗೆ ಹೋಗಬೇಕು, ಮದುವೆಯಾಚೆಯ ಸಂಬಂಧ ಅನೈತಿಕ ಎಂದು ತಿಳಿಸಬೇಕು, ಸಂತರ ಮತ್ತು ಸ್ವಾತಂತ್ರ್ಯ ಹೋರಾಟಗಾರರ ಜೀವನ ಪಠ್ಯದಲ್ಲಿರಬೇಕು, ಎಚ್‌ಐವಿಯಂಥ ವಿಷಯವನ್ನು ಪಿಯುಸಿ ಹಂತದ ಜೀವಶಾಸ್ತ್ರಕ್ಕೆ ಬಿಡಬೇಕು. ಇದು ಅದರ ಸಾರ. ಮದುವೆವರೆಗೆ ಸಂಯಮ ಎಂಬ ಪಾಠಕ್ಕೆ ಭಾರತದ ಸಂಸತ್ತಿನಿಂದ ಬಂದ ಅತಿ ಸ್ಪಷ್ಟ ಲಿಖಿತ ರೂಪ ಇದೇ. ಬಾಲ್ಯವಿವಾಹ ಕಾನೂನಿಗೆ ವಿರುದ್ಧ, ಹುಡುಗಿಯ ಆರೋಗ್ಯಕ್ಕೆ ಕೇಡು ಎಂದು ಮಕ್ಕಳಿಗೆ ಹೇಳಿ ಎಂದೂ ಸಮಿತಿ ಸೂಚಿಸಿತು. ಅದು ಒಳ್ಳೆಯ ಮಾತೇ. ಆದರೆ ಪಿಯುಸಿಗೆ ಬರುವ ಮೊದಲೇ ಶಾಲೆ ಬಿಡುವ ಹುಡುಗಿಗೆ, ಕಲ್ಲಿನ ಗಾಡಿಗೆ ಹೋಗುವ ಹುಡುಗನಿಗೆ, ಪಿಯುಸಿಯ ಜೀವಶಾಸ್ತ್ರ ಯಾವ ಕಾಲಕ್ಕೂ ಸಿಗುವುದಿಲ್ಲ.

ಹೆಸರು ಬದಲಾಗಿ ಕೆಲವು ಸಂಗತಿ ಉಳಿದವು. 'ಲೈಂಗಿಕ' ಎಂಬ ಶಬ್ದ ತೆಗೆದು 'ಜೀವನ ಕೌಶಲ' ಎಂದರು. ಹದಿಹರೆಯದವರ ಜೀವನ ಕೌಶಲದ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅದಕ್ಕೂ ಮೊದಲೇ ಶಾಲೆಗಳಿಗೆಂದು ಕೈಪಿಡಿ ರೂಪಿಸಿ ಶಿಕ್ಷಕರನ್ನು ತರಬೇತಿಗೊಳಿಸಿದ್ದರು. 2013–14ರಲ್ಲಿ ಶುಚಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಬಂತು. 2014ರ ಜನವರಿಯಲ್ಲಿ ಕೇಂದ್ರದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಗಿ, ಕರ್ನಾಟಕದ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ಫಲಕ ಬಿತ್ತು. ಪ್ಯಾಡ್ ಕೈಗೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಹಳೆ ಬಟ್ಟೆ ಕಟ್ಟಿಕೊಂಡು ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುತ್ತಿದ್ದ ಹುಡುಗಿಗೆ ಅದರ ಬೆಲೆ ಗೊತ್ತು. ಆದರೆ ರಕ್ತ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ಪ್ಯಾಕೆಟ್ಟಿನೊಳಗೆ ಇರಲಿಲ್ಲ.

ಪ್ರಶ್ನೆಗೆ ಉಳಿದ ಜಾಗ ಅಂದರೆ ವಿಜ್ಞಾನದ ಪುಸ್ತಕ. ಎಂಟನೆಯ ತರಗತಿಯಲ್ಲಿ 'ಹದಿಹರೆಯಕ್ಕೆ ಪ್ರವೇಶ', ಹತ್ತರಲ್ಲಿ 'ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?'. ಹತ್ತರ ಆ ಅಧ್ಯಾಯದಲ್ಲಿ ಅಮೀಬಾ ಎರಡಾಗುವುದು, ಹೈಡ್ರಾ ಮೊಗ್ಗೊಡೆಯುವುದು, ಹೂವಿನ ನೀಳಛೇದ, ಪರಾಗ ನಳಿಕೆ ಎಲ್ಲ ಬಂದ ಮೇಲೆ ಮನುಷ್ಯನ ಸರದಿ. ಹೂವಿನ ತನಕ ಮೇಷ್ಟರ ಸೀಮೆಸುಣ್ಣ ಓಡುತ್ತದೆ. ಪುಂಕೇಸರ ಬೋರ್ಡಿನ ಮೇಲೆ ಬಣ್ಣದಲ್ಲಿ ಬರುತ್ತದೆ. ಮುಂದಿನ ಹಾಳೆಗೆ ಬಂದಾಗ ಎಷ್ಟೋ ತರಗತಿಗಳಲ್ಲಿ ದನಿ ಇಳಿಯುತ್ತದೆ, "ಇದನ್ನ ಮನ್ಯಾಗ ಓದ್ಕೊಳ್ರಿ" ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಮನೆಯಲ್ಲಿ ಆ ಹಾಳೆಯನ್ನು ತೆರೆದಿಟ್ಟುಕೊಳ್ಳುವ ಧೈರ್ಯ ಯಾರಿಗಿದೆ?

ಇಲ್ಲಿ ಭಾಷೆಯದೂ ಒಂದು ತೊಡಕಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ನೆಲ. ಅಂಥ ನೆಲದ ಮಗುವಿಗೆ ತನ್ನ ಮೈಯ ಒಂದು ಭಾಗವನ್ನು ಹೆಸರಿಸಲು ಇರುವುದು ಎರಡೇ ಬಗೆಯ ಮಾತು. ಪುಸ್ತಕದ ಸಂಸ್ಕೃತ ಶಬ್ದ ಒಂದು. ಅದನ್ನು ಬಾಯಿಪಾಠ ಮಾಡಬಹುದು, ನೋವಾದಾಗ ಹೇಳಿಕೊಳ್ಳಲು ಬಾರದು. ಇನ್ನೊಂದು ಬಸ್ ನಿಲ್ದಾಣದ ಬೈಗುಳ. ಅದನ್ನು ಎಲ್ಲರೂ ಬಲ್ಲರು, ತಾಯಿಯ ಎದುರು ಯಾರೂ ಆಡುವುದಿಲ್ಲ. ಮನೆಮಾತು ಲಂಬಾಣಿ, ತೆಲುಗು, ದಖನಿ ಉರ್ದು ಆಗಿರುವ ಮಕ್ಕಳಿಗೆ ತೊಡಕು ಇಮ್ಮಡಿ. ನಡುವಿನ ಮಾತನ್ನು, ನಾಚಿಕೆಯೂ ಹೊಲಸೂ ಇಲ್ಲದ ಮಾತನ್ನು ಕಟ್ಟಿಕೊಡಬೇಕಾದದ್ದು ಶಾಲೆ. 2007ರಲ್ಲಿ ನಿಂತ ಪಾಠದ ಜೊತೆ ಆ ಕೆಲಸವೂ ನಿಂತಿತು.

ಪಾಠ ನಿಂತಿತು, ಬದುಕು ನಿಲ್ಲಲಿಲ್ಲ. ಖಾಲಿ ಬಿದ್ದ ಜಾಗಕ್ಕೆ ಮೊಬೈಲ್ ಬಂತು, ಅದರ ಹಿಂದೆಯೇ ಪೊಲೀಸ್ ಠಾಣೆ ಬಂತು. 2012ರ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಯಾಯಿತು. ಹದಿನೆಂಟು ತುಂಬದವರ ಜೊತೆಗಿನ ಲೈಂಗಿಕ ಸಂಬಂಧ, ಅವರ ಒಪ್ಪಿಗೆ ಇದ್ದರೂ, ಅಪರಾಧ. ಮಕ್ಕಳನ್ನು ಹಾಳು ಮಾಡುವ ದೊಡ್ಡವರನ್ನು ಹಿಡಿಯಲು ಈ ಕಾಯ್ದೆ ಬೇಕೇ ಬೇಕಿತ್ತು. ಆದರೆ ಅದೇ ಕಾಯ್ದೆ ಹತ್ತೊಂಬತ್ತರ ಹುಡುಗ, ಹದಿನೇಳರ ಹುಡುಗಿ ಓಡಿಹೋದ ಪ್ರಕರಣಕ್ಕೂ ತಗುಲಿತು. ವಿಷಯ ತಿಳಿದವರು ದೂರು ಕೊಡಲೇಬೇಕು ಎಂಬ ನಿಯಮ ವೈದ್ಯರಿಗೂ ಅನ್ವಯಿಸುತ್ತದೆ. ಹಾಗಾಗಿ ಬಸಿರಾದ ಹುಡುಗಿ ದವಾಖಾನೆಯ ಮೆಟ್ಟಿಲು ಹತ್ತಲೂ ಹೆದರಿದಳು. 2016ರಲ್ಲಿ ರಾಜ್ಯ ತಂದ ತಿದ್ದುಪಡಿ ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಎಂದಿತು. ಕಾನೂನು ಒಂದರ ಮೇಲೊಂದು ಗಟ್ಟಿಯಾಗುತ್ತ ಹೋಯಿತು, ಹೇಳಿಕೊಡುವವರು ಮಾತ್ರ ಬರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21ರಷ್ಟು ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು.

ದಿಲ್ಲಿಯ ದಾರಿಯೂ ಹಿಂದೆ ಮುಂದೆ ಜೋಲಿ ಹೊಡೆಯಿತು. 2013ರ ಜನವರಿಯಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಕೆಂದಿತು. ಮರುವರ್ಷ ಕೇಂದ್ರ ಆರೋಗ್ಯ ಸಚಿವ ಹರ್ಷವರ್ಧನ್ ಅವರ ವೆಬ್‌ಸೈಟ್‌ನಲ್ಲಿ ಅದನ್ನು ನಿಷೇಧಿಸಬೇಕೆಂಬ ಸಾಲು ಕಾಣಿಸಿಕೊಂಡು ಗದ್ದಲವಾಯಿತು. ತಮ್ಮ ವಿರೋಧ ಒರಟು ಚಿತ್ರಗಳಿಗೆ ಮಾತ್ರ ಎಂದು ಅವರು ಆಮೇಲೆ ಹೇಳಿದರು. ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ತಯಾರಾದ 2019ರ ಶಿಕ್ಷಣ ನೀತಿಯ ಕರಡಿನಲ್ಲಿ ಪ್ರೌಢಶಾಲೆಗೆ ಲೈಂಗಿಕ ಶಿಕ್ಷಣ, ಒಪ್ಪಿಗೆ, ಕಿರುಕುಳ, ಹೆಣ್ಣಿನ ಗೌರವ ಎಲ್ಲವೂ ಹೆಸರು ಹಿಡಿದು ಬಂದಿದ್ದವು. 2020ರ ಅಂತಿಮ ನೀತಿಯಲ್ಲಿ 'ಲೈಂಗಿಕ ಶಿಕ್ಷಣ' ಎಂಬ ಎರಡು ಶಬ್ದ ಉಳಿಯಲಿಲ್ಲ.

ಮೌನ ಮುರಿದದ್ದು ಕೊನೆಗೆ ನ್ಯಾಯಾಲಯ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಒಂದು ಮೇಲ್ಮನವಿ ಬಂತು. ಹದಿನೇಳರಲ್ಲಿ ಹುಡುಗನ ಜೊತೆ ಹೋದವಳು ಅಷ್ಟರಲ್ಲಿ ಅವನನ್ನೇ ಮದುವೆಯಾಗಿ ಇಬ್ಬರು ಮಕ್ಕಳ ತಾಯಿ. ಹುಡುಗನ ಖುಲಾಸೆಯನ್ನು ಪ್ರಶ್ನಿಸಿ ಬಂದದ್ದು ಸರ್ಕಾರ. ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಮೇಲ್ಮನವಿಯನ್ನು ವಜಾ ಮಾಡಿ ಅಲ್ಲಿಗೇ ನಿಲ್ಲಲಿಲ್ಲ. ಒಂಬತ್ತನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೊದಂಥ ಕಾಯ್ದೆಗಳನ್ನು ತಿಳಿಸಿಕೊಡಲು ಪಠ್ಯ ಸಿದ್ಧಪಡಿಸುವ ಸಮಿತಿ ರಚಿಸಿ ಎಂದು ಶಿಕ್ಷಣ ಇಲಾಖೆಗೆ ಹೇಳಿದರು. ಹದಿನೈದು ವರ್ಷದ ಹಿಂದೆ ಸರ್ಕಾರ ಮುಚ್ಚಿದ ಬಾಗಿಲನ್ನು ತಟ್ಟಿದ್ದು ಕೋರ್ಟು. ಅದೂ ಮೈಯ ಪಾಠದ ಬಾಗಿಲನ್ನಲ್ಲ, ಶಿಕ್ಷೆಯ ಪಾಠದ ಬಾಗಿಲನ್ನು. ಇದು ಅಪರಾಧ, ಇಷ್ಟು ವರ್ಷ ಜೈಲು ಎಂದು ತಿಳಿಸುವುದು ಅಗತ್ಯ. ಆದರೆ ಭಯ ಹುಟ್ಟಿಸಿ ಕೈಬಿಟ್ಟರೆ ಅದೂ ಸಂಯಮದ ಉಪದೇಶದ ಇನ್ನೊಂದು ರೂಪವಾಗುತ್ತದೆ. 2018ರಲ್ಲಿ ಯುನೆಸ್ಕೊ ಪರಿಷ್ಕರಿಸಿದ ಮಾರ್ಗಸೂಚಿ ಜಗತ್ತಿನ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಸಮಗ್ರ ಲೈಂಗಿಕ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದಿದೆ. ಹೇಳಿದರೆ ಕೆಡುತ್ತಾರೆ ಎಂಬ ಹೆದರಿಕೆಗೆ ಆಧಾರ ಸಿಕ್ಕಿಲ್ಲ.

2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ಸರ್ಕಾರಿ ವಸತಿ ಶಾಲೆಯೊಂದರ ಶೌಚಾಲಯದಲ್ಲಿ ಒಂಬತ್ತನೆಯ ತರಗತಿಯ ಹುಡುಗಿ ಮಗುವನ್ನು ಹೆತ್ತಳು. ಹಿಂದಿನ ವರ್ಷದ ಜನವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಇಂಥದ್ದೇ ಸುದ್ದಿ ಬಂದಿತ್ತು. ಯಾದಗಿರಿ 2009ರ ಕೊನೆಯವರೆಗೆ ಗುಲಬರ್ಗಾ ಜಿಲ್ಲೆಯ ಭಾಗವೇ. ಚಿತ್ತಾಪುರ, ವಾಡಿಯವರಿಗೆ ಅದು ಪಕ್ಕದ ಊರು, ಬೀಗರ ಊರು. ತರಗತಿ, ಊಟದ ಸಾಲು, ಹಾಸ್ಟೆಲಿನ ಕೋಣೆಗಳ ನಡುವೆ ಓಡಾಡಿದ ಮಗು ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ಬಿಡಲು ಅವಳಿಗೆ ಜಾಗವೇ ಇರಲಿಲ್ಲ ಅನ್ನುವುದು ಹೆಚ್ಚು ಸರಿ. ಸಿಬ್ಬಂದಿ ಅಮಾನತಾದರು, ಪ್ರಕರಣ ದಾಖಲಾಯಿತು. ಅದೇ ತಿಂಗಳು ವಿಧಾನಮಂಡಲದಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ 8ರಿಂದ 12ನೇ ತರಗತಿಯ ಮಕ್ಕಳಿಗೆ ಲೈಂಗಿಕ ಶಿಕ್ಷಣ ತರುವುದಾಗಿ ಹೇಳಿದ್ದರು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಒಂಬತ್ತನೆಯ ತರಗತಿಯವರೆಗೆ ಕಾಯದೆ ಇನ್ನೂ ಚಿಕ್ಕ ವಯಸ್ಸಿನಿಂದಲೇ ಈ ಶಿಕ್ಷಣ ಕೊಡಬೇಕು ಎಂಬ ಅಭಿಪ್ರಾಯ ಬರೆಯಿತು.

ಹದಿನೆಂಟು ವರ್ಷ ತಡವಾಗಿ ಬರುವ ಪಾಠವನ್ನು ಫರಸಿ ಹಾಸಿದ ತರಗತಿಯೊಳಗೆ ಯಾರು ಹೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಳೆಯ ಕಾರ್ಯಕ್ರಮದಲ್ಲಿದ್ದ ಒಂದು ಸರಳ ಉಪಾಯ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಮೇಲೆ ಸೀಳು ಕೊಯ್ದ ರಟ್ಟಿನ ಡಬ್ಬಿಯನ್ನು ತರಗತಿಯಲ್ಲಿಡುತ್ತಾರೆ. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಚೀಟಿ. ಪ್ರಶ್ನೆ ಇಲ್ಲದವರೂ ಏನಾದರೂ ಬರೆದು ಹಾಕಬೇಕು, ಯಾರು ಬರೆದರೆಂದು ಗೊತ್ತಾಗಬಾರದು. ಹೆಸರು ಬರೆಯುವಂತಿಲ್ಲ. ಟೀಚರ್ ಅವನ್ನು ಮನೆಗೆ ಒಯ್ದು ಓದಿಕೊಂಡು, ಗೊತ್ತಿಲ್ಲದ್ದನ್ನು ನರ್ಸಮ್ಮನನ್ನೋ ಡಾಕ್ಟರನ್ನೋ ಕೇಳಿ, ಮರುವಾರ ಒಂದೊಂದಕ್ಕೂ ಗಟ್ಟಿ ದನಿಯಲ್ಲಿ ಉತ್ತರ ಹೇಳುತ್ತಾರೆ. ಮುಟ್ಟು ಎರಡು ತಿಂಗಳು ತಪ್ಪಿದರೆ ಏನರ್ಥ, ರಾತ್ರಿ ಚಡ್ಡಿ ಒದ್ದೆಯಾಗುವುದು ರೋಗವೇ, ಮಾವ ಅಲ್ಲಿ ಮುಟ್ಟಿದರೆ ಯಾರಿಗೆ ಹೇಳಬೇಕು. ಮಕ್ಕಳು ಒಳಗೇ ಇಟ್ಟುಕೊಂಡ ಪ್ರಶ್ನೆಗಳು ಈ ಬಗೆಯವು. ಕೊನೆಯದಕ್ಕೆ ಒಂದು ನಂಬರ್ ಇದೆ, 1098, ಮಕ್ಕಳ ಸಹಾಯವಾಣಿ. ಆ ನಾಲ್ಕು ಅಂಕಿಯನ್ನು ಟೀಚರ್ ಬೋರ್ಡಿನ ಮೇಲೆ ಹೂವಿನ ಚಿತ್ರಕ್ಕಿಂತ ದೊಡ್ಡದಾಗಿ ಬರೆದು, ಸಂಜೆ ಬೆಲ್ ಹೊಡೆದ ಮೇಲೂ ಅಳಿಸದೆ ಹೋಗಬೇಕು.